ಎರಡು ಬೆರಳು ನೆಟ್ಟಗಾದ ಫೋರ್ಕು

ಕಿಟಕಿಗೆ ಕಬ್ಬಿಣದ ಗ್ರಿಲ್ ಬೆಸೆಯುವ ಆ ಮನುಷ್ಯನನ್ನು ಊರೆಲ್ಲ ಡಿಗ್ರಿ ಎಂದೇ ಕರೆಯುತ್ತಿತ್ತು. ಅದು ಓದಿ ಪಡೆದ ಡಿಗ್ರಿಯಲ್ಲ. ಹತ್ತನೇ ತರಗತಿಯ ಬಾಗಿಲಿನಿಂದಲೇ ಕೈಮುಗಿದು ವಾಪಸು ಬಂದವನು ಅವನು. ಹಳೆಯ ಸ್ಟೀಲ್ ಸೈಕಲ್ ಎಲ್ಲಿ ಕಂಡರೂ ಜೇಬಿನಿಂದ ಕೋನಮಾಪಕ ತೆಗೆದು, ಹ್ಯಾಂಡಲ್ ಕೆಳಗಿನ ಕೊಳವೆಗೆ ಒತ್ತಿ ಹಿಡಿದು, "ಅರವತ್ತೇಳು ಡಿಗ್ರಿ. ಇದು ಸೈಕಲ್ಲಲ್ಲ, ಆರಾಮ ಕುರ್ಚಿ" ಎಂದು ತೀರ್ಪು ಕೊಡುತ್ತಿದ್ದ. ಸೈಕಲ್ಲಿನ ಯಜಮಾನ ಅದರ ಮೇಲೆ ಕೂತಿದ್ದರೂ ಸರಿಯೇ.

ಅವನ ಸ್ವಂತ ಸೈಕಲ್ಲು ಎಪ್ಪತ್ತಮೂರು ಡಿಗ್ರಿಯದು. ಹರೆಯದಲ್ಲಿ ರೇಸಿಗೆಂದು ತಂದದ್ದು. ರೇಸಿನಲ್ಲಿ ಐದು ಜನರಿದ್ದರು, ಇವನು ಐದನೆಯವನಾಗಿ ಬಂದ. ಆದರೆ ತಿರುವಿನಲ್ಲಿ ತನ್ನಷ್ಟು ಚುರುಕಾಗಿ ಯಾರೂ ತಿರುಗಲಿಲ್ಲ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದ. ಗಿಡ್ಡ ಚೌಕಟ್ಟು, ಕಡಿದಾದ ಕೊಳವೆ, ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿಯುವ, ಹೆಚ್ಚು ಬಾಗದ ಫೋರ್ಕು. ಕಲ್ಲುಹಾಸಿನ ಬೀದಿಯಲ್ಲಿ ಹೋದರೆ ಒಂದೊಂದು ಕಲ್ಲೂ ಅವನ ಹಲ್ಲಿನವರೆಗೆ ಬಂದು ಮಾತಾಡಿಸಿ ಹೋಗುತ್ತಿತ್ತು. ಅದನ್ನವನು "ರಸ್ತೆಯ ಅರಿವು" ಎನ್ನುತ್ತಿದ್ದ.

ಈ ವಾದ ದಿನಾ ಕೇಳಬೇಕಾಗಿದ್ದವರು ಅಕ್ಕನ ಗಂಡ, ಅಂಚೆ ಹಂಚುವ ಭಾವ. ಅವರದು ಉದ್ದ ಚೌಕಟ್ಟಿನ, ಊಟವಾದ ಮೇಲೆ ಒರಗಿ ಕೂತಂತಿರುವ ಭಾರದ ಸೈಕಲ್. ಫೋರ್ಕು ಮುಂದಕ್ಕೆ ಧಾರಾಳವಾಗಿ ಬಾಗಿತ್ತು. ಅದರ ಮೇಲಿನ ಬುಟ್ಟಿಯಲ್ಲಿ ಪತ್ರದ ಚೀಲ.

"ಭಾವ, ನಿಮ್ಮ ಮುಂದಿನ ಚಕ್ರ ತಿರುಗಬೇಕಾದ್ರೆ ಮೊದ್ಲೇ ಅರ್ಜಿ ಹಾಕ್ಬೇಕು."

"ಹಾಕೋಣ ಬಿಡು. ವಕೀಲರ ನೋಟೀಸು ನಿಧಾನಕ್ಕೆ ಬಂತು ಅಂತ ಯಾರೂ ಬೈಯಲ್ಲ."

ಒಂದು ದಿನ ಭಾವ ಸೈಕಲ್ ಸಮೇತ ಗುಂಡಿಗೆ ಬಿದ್ದು ಫೋರ್ಕು ಸೊಟ್ಟಗಾಯಿತು. "ಸ್ವಲ್ಪ ನೆಟ್ಟಗೆ ಮಾಡಿಕೊಡಪ್ಪ" ಎಂದು ಡಿಗ್ರಿಯ ಅಂಗಡಿಯಲ್ಲಿ ಬಿಟ್ಟು ಹೋದರು. ಹಾಗೆ ಹೇಳಿದ್ದೇ ತಪ್ಪಾಯಿತು. ಡಿಗ್ರಿ ಆ ಮಾತನ್ನು ಅಕ್ಷರಶಃ ಪಾಲಿಸಿ, ಫೋರ್ಕಿನ ಹುಟ್ಟು ಬಾಗಿನಲ್ಲೂ ಎರಡು ಬೆರಳಿನಷ್ಟು ತೆಗೆದುಬಿಟ್ಟ. ಮೇಲೆ ಕಪ್ಪು ಬಣ್ಣ ಬಳಿದು, ಏನೂ ಗೊತ್ತಿಲ್ಲದವನಂತೆ ಒಪ್ಪಿಸಿದ.

ಮರುದಿನ ಬೆಳಿಗ್ಗೆ ಭಾವ ತುಂಬಿದ ಚೀಲದೊಂದಿಗೆ ಕ್ಷೌರದಂಗಡಿಯ ಮೂಲೆಯಲ್ಲಿ ನಿಧಾನವಾಗಿ ತಿರುಗಿಸಿದರು. ಹ್ಯಾಂಡಲ್ ತೂಕಡಿಸಿದ ತಲೆಯ ಹಾಗೆ ಪಕ್ಕಕ್ಕೆ ವಾಲಿತು. ಭಾವ, ಸೈಕಲ್, ಚೀಲ ಮೂರೂ ತೆರೆದ ಬಾಗಿಲಿನಿಂದ ಅಂಗಡಿಯೊಳಗೆ ಹೋದವು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯ ನೊರೆಗೆನ್ನೆಗೆ ಒಂದು ಲಕೋಟೆ ಅಂಟಿಕೊಂಡಿತು. ಅದೂ ಅವನಿಗೆ ಬಂದದ್ದಲ್ಲ.

"ಕಟಿಂಗ್ ನಿಮಗೋ, ಸೈಕಲ್ಲಿಗೋ ಸ್ವಾಮಿ?" ಎಂದ ಕ್ಷೌರಿಕ.

ಭಾವನ ಮಣಿಕಟ್ಟು ಊದಿಕೊಂಡಿತು. ಮಧ್ಯಾಹ್ನಕ್ಕೆ ಅಕ್ಕ ಸೈಕಲ್ ತಳ್ಳಿಕೊಂಡು ಗ್ರಿಲ್ ಅಂಗಡಿಗೆ ಬಂದಳು.

"ಏನೋ ಮಾಡಿದೆ ಇದಕ್ಕೆ?"

"ಏನಿಲ್ಲಕ್ಕ... ಒಂಚೂರು ಚುರುಕು ಮಾಡಿದೆ."

"ಅವರನ್ನ ಚುರುಕು ಮಾಡೋಕೆ ಮದುವೆಯಾದಾಗಿಂದ ನನ್ನ ಕೈಲೇ ಆಗಿಲ್ಲ, ನೀನು ಯಾವ ದೊಡ್ಡ ಮನುಷ್ಯ? ಹತ್ತು ಇದರ ಮೇಲೆ. ನೀನೇ ಓಡಿಸು."

ಬುಟ್ಟಿಗೆ ಮರಳಿನ ಮೂಟೆ ಹೇರಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಳು. ಡಿಗ್ರಿ ಹತ್ತಿದ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೂರು ಸಲ ಬಿದ್ದ. ಮೂರನೆಯ ಸಲ ಮೊಣಕಾಲು ತಡವಿಕೊಳ್ಳುತ್ತ ನೆಲದ ಮೇಲೇ ಕೂತು ಫೋರ್ಕನ್ನು ನೋಡಿದ. ಒರಗಿದ ಕೊಳವೆಗೆ ಆ ಬಾಗು ಬೇಕೇ ಬೇಕು. ಅದಿಲ್ಲದಿದ್ದರೆ ಮುಂದಿನ ಭಾರ ಹ್ಯಾಂಡಲನ್ನು ತನಗೆ ಬೇಕಾದ ಕಡೆ ಎಳೆಯುತ್ತದೆ. ಕೋನ ಅಳೆಯುವುದರಲ್ಲಿ ಆಯುಷ್ಯ ಕಳೆದವನು ಬಾಗನ್ನು ಒಮ್ಮೆಯೂ ಅಳೆದಿರಲಿಲ್ಲ. ಭಾವನ ಊದಿದ ಕೈ ನೆನಪಾಗಿ ಮುಖ ಬಿಸಿಯಾಯಿತು.

ಎರಡು ಸಲ ಬಾಗಿಸಿದ ಕಬ್ಬಿಣವನ್ನು ನಂಬುವಂತಿಲ್ಲ. ನಾಲ್ಕು ದಿನ ಗುಜರಿಯಲ್ಲಿ ಮೈಕೈ ತುಕ್ಕು ಮಾಡಿಕೊಂಡು ಅಂಥದೇ ಹಳೆಯ ಫೋರ್ಕು ಹುಡುಕಿ ಜೋಡಿಸಿದ. ಪರೀಕ್ಷೆಗೆಂದು ಕಲ್ಲುಹಾಸಿನ ಬೀದಿಗೆ ಒಯ್ದ. ಕಲ್ಲುಗಳು ಮೊಣಕೈವರೆಗೆ ಬಂದು, ಅಲ್ಲೇ ಮಾತು ನಿಲ್ಲಿಸಿದವು. ಹಲ್ಲು ತಣ್ಣಗಿತ್ತು, ಬೆನ್ನೂ ತಕರಾರು ತೆಗೆಯಲಿಲ್ಲ. ಪರೀಕ್ಷೆ ಒಂದೇ ಸಲಕ್ಕೆ ಮುಗಿದಿತ್ತು. ಆದರೂ ಅವನು ಆ ಬೀದಿಯನ್ನು ಆರು ಸಲ ಸುತ್ತಿದ.

ಸೈಕಲ್ ಒಪ್ಪಿಸುವಾಗ, "ತಪ್ಪು ನಂದು ಭಾವ" ಎಂದ, ನೆಲ ನೋಡುತ್ತ.

"ಫೋರ್ಕಿನ ವಿಷಯದಲ್ಲೋ, ಇಷ್ಟು ವರ್ಷ ವಾದ ಮಾಡಿದ್ದರಲ್ಲೋ?"

"ಸದ್ಯಕ್ಕೆ ಫೋರ್ಕಿನ ವಿಷಯದಲ್ಲಿ."

ಭಾವ ನಕ್ಕು, ಕಟ್ಟು ಹಾಕಿದ ಕೈಯಲ್ಲೇ ಅವನ ಬೆನ್ನಿಗೊಂದು ಗುದ್ದಿದರು. ನೋವಾದದ್ದು ಭಾವನಿಗೇ.

ಎರಡು ತಿಂಗಳ ಮೇಲೆ ಡಿಗ್ರಿ ಎಲ್ಲಿಂದಲೋ ಒಂದು ಉದ್ದ ಚೌಕಟ್ಟಿನ ಮುದಿ ಸೈಕಲ್ ತಂದು, ತೊಳೆದು, ಬಣ್ಣ ಬಳಿದು ನಿಲ್ಲಿಸಿದ. ಕೇಳಿದವರಿಗೆಲ್ಲ "ಹೆಂಡತಿಗೆ" ಎನ್ನುತ್ತಿದ್ದ. ದಿನಾ ಅಂಗಡಿಗೆ ಹೋಗುತ್ತಿದ್ದದ್ದು ಮಾತ್ರ ಅವನೇ, ಅದರ ಮೇಲೇ, ನೆಟ್ಟಗೆ ಕೂತು, ಸಿಳ್ಳೆ ಹಾಕುತ್ತ. ಹೆಂಡತಿಯನ್ನು ಯಾರಾದರೂ ವಿಚಾರಿಸಿದರೆ, "ಹೌದಂತೆ, ನಂದೇ ಅಂತೆ. ನಂಗೆ ಸೈಕಲ್ ಹೊಡೆಯೋಕೆ ಬರಲ್ಲ ಅಂತ ಅವರಿಗೆ ಯಾರೂ ಹೇಳ್ಬೇಡಿ" ಎನ್ನುತ್ತಿದ್ದಳು.