ಹರಳೆಣ್ಣೆ ಹಚ್ಚಿದ ಬಟ್ಟಲು

ಕೊರಿಯಾದ ಹಳೆಯ ಬಟ್ಟಲೊಂದರ ಚಿತ್ರವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಕಂಡ ದಿನದಿಂದ ಅದರ ತಿಳಿಹಸಿರು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಂಥವಳು ಜಕ್ಕೂರಿನ ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಕುಂಬಾರನ ತಿಗರಿ ಹೂಡಿ ಕುಳಿತದ್ದೇಕೆಂದು ಬಂಧುಗಳಿಗೆ ವಿವರಿಸಲು ಸರಿಯಾದ ಒಂದು ವಾಕ್ಯವೂ ನನಗೆ ಸಿಕ್ಕಿರಲಿಲ್ಲ.

ಗಂಗಾನಗರದಲ್ಲಿ ನನಗೆ ಕುಂಬಾರಿಕೆ ಕಲಿಸುತ್ತಿದ್ದ ಮೇಡಂ ಕೊರಿಯಾದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದವರು. ಅಲ್ಲಿನ ತಮ್ಮ ಗುರುಗಳ ಬಳಿಗೆ ಒಬ್ಬ ಶಿಷ್ಯೆಯನ್ನು ಕಳುಹಿಸುವುದಾಗಿ ಹೇಳಿ, ಎಲ್ಲ ವಿದ್ಯಾರ್ಥಿನಿಯರಿಂದಲೂ ಐದೈದು ಬಟ್ಟಲು ಕೇಳಿದರು. ಕೊಟ್ಟಿಗೆ ಕೆಡವಿ ಬಾಡಿಗೆ ಮನೆ ಕಟ್ಟಿಸುವುದೆಂದು ಅಪ್ಪ ಆಗಲೇ ನಿಶ್ಚಯಿಸಿದ್ದರು. ಆಯ್ಕೆಯಾಗದಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಒಮ್ಮೆ ಸುಟ್ಟ ಬಟ್ಟಲುಗಳನ್ನು, ಮತ್ತೆ ಸುಟ್ಟಾಗ ಹಸಿರಾಗುವ ಗಾಜಿನ ಲೇಪದಲ್ಲಿ ಅದ್ದಿದೆ. ಲೇಪ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು.

"ಒಸ ಮಡ್ಕೆ ಅಲ್ವೇನವ್ವಾ? ಅರಳೆಣ್ಣೆ ಅಚ್ಚಿ ಪಳಗಿಸ್ದೆ. ಇಲ್ದಿದ್ರೆ ಸೀಳ್ಬಿಡ್ತದೆ."

ಅಡುಗೆಗೆ ಹೊಸ ಮಡಕೆ ತಂದರೆ ಹಾಗೆ ಎಣ್ಣೆ ಕುಡಿಸುವುದು ನಮ್ಮ ಮನೆಯ ರೂಢಿ.

"ಓದು ಬರದೋಳು ಯಾಕಮ್ಮ ಇದನ್ನೆಲ್ಲ ಮುಟ್ಟಕ್ಕೆ ಬರ್ತೀಯಾ? ಎಲ್ಲಾ ಹಾಳ್ಮಾಡ್ದೆ!"

ಅಮ್ಮ ಹೊರನಡೆದಳು.

ಬೇರೆ ಮಾಡಲು ಸಮಯವಿರಲಿಲ್ಲ, ಅವನ್ನೇ ಸುಟ್ಟೆ. ನಾಲ್ಕು ಕೆಟ್ಟವು. ಐದನೆಯದರಲ್ಲಿ ಹಸಿರು ಅಲ್ಲಲ್ಲಿ ಹಿಂದೆ ಸರಿದು, ಅಮ್ಮನ ಬೆರಳು ಎಣ್ಣೆ ಸವರಿದ ಜಾಡಿನಲ್ಲಿ ಬರಿಯ ಕಂದು ಮಣ್ಣು ಕಾಣುತ್ತಿತ್ತು. ಗಂಗಾನಗರಕ್ಕೆ ಒಯ್ದಾಗ ಮೇಡಂ ಅದೊಂದನ್ನೇ ಬಹಳ ಹೊತ್ತು ತಿರುಗಿಸಿ ನೋಡಿದರು.

"ಇದು ಬೇಕಂತಲೇ ಮಾಡಿದ್ದಾ?"

"ಹೌದು ಮೇಡಂ. ಒಂದು ಪ್ರಯೋಗ."

"ಇಂಥದ್ದೇ ಇನ್ನೊಂದು ಮಾಡ್ಕೊಂಡ್ ಬನ್ನಿ. ಒಂದು ತಿಂಗಳು ಟೈಮ್ ಕೊಡ್ತೀನಿ. ಹಾಗೇ ಬಂದ್ರೆ, ಕೊರಿಯಾಕ್ಕೆ ಹೋಗೋದು ನೀವೇ."

ತಿಂಗಳಿಡೀ ಎಣ್ಣೆ ಹಚ್ಚಿದೆ. ತೆಳುವಾದರೆ ಲೇಪ ಪೂರ್ತಿ ಹಿಡಿಯುತ್ತಿತ್ತು; ದಪ್ಪವಾದರೆ ಪೂರ್ತಿ ಕಳಚುತ್ತಿತ್ತು. ಕೊನೆಗೆ ಬಾಟಲಿ ಹಿಡಿದು ಅಮ್ಮನ ಮುಂದೆ ನಿಂತೆ.

"ಅವತ್ತು ಹಚ್ಚಿದ ಹಾಗೇ ಒಂದ್ಸಲ ಹಚ್ಚಮ್ಮ."

"ಬ್ಯಾಡ ಕಣವ್ವ. ತಿರ್ಗಾ ಆಳಾದ್ರೆ?"

"ಹಾಗೇ ಹಾಳಾಗ್ಬೇಕಮ್ಮ."

"ಅಣಕಿಸ್ಬ್ಯಾಡ. ಓದ್ದೋಳು ನೀನು. ನಂಗೇನ್ ಗೊತ್ತಾಯ್ತದೆ?"

ನಾನು ಬೈದ ದಿನದಿಂದ ಅವಳು ಕೊಟ್ಟಿಗೆಯ ಹೊಸ್ತಿಲು ದಾಟಿರಲಿಲ್ಲ, ಅಂದೂ ದಾಟಲಿಲ್ಲ. ಕಾಲು ಹಿಡಿದೆ. "ಎದ್ದೇಳು, ಎದ್ದೇಳು" ಎಂದಳೇ ಹೊರತು ಬಾಟಲಿ ಮುಟ್ಟಲಿಲ್ಲ.

ಗಂಗಾನಗರಕ್ಕೆ ಬರಿಗೈಯಲ್ಲಿ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ವಿನಯದ, ಶುದ್ಧವಾದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಅದು ನಂದಲ್ಲ ಮೇಡಂ. ನಮ್ಮಮ್ಮಂದು."

ಅವರು ತಮ್ಮಲ್ಲೇ ಇಟ್ಟುಕೊಂಡಿದ್ದ ಆ ಬಟ್ಟಲನ್ನು ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು.

"ಹಾಗಾದ್ರೆ ಇದನ್ನ ಅವರಿಗೆ ಕೊಟ್ಬಿಡಿ" ಎಂದು, ಹೊರಗೆ ಕಾಯುತ್ತಿದ್ದ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಒಳಗೆ ಕರೆದರು.