ಗಂಜಿ ತೊಳೆಯದ ನೂಲು

ಅಂದು ಶಂಕ್ರೆವ್ವ ರೊಟ್ಟಿ ಬಡಿದಿಟ್ಟು, ನೂಲಿನ ಬುಟ್ಟಿ ಹೊತ್ತು ಹೊಳೆದಂಡೆಗೆ ಬಂದಳು. ಗಂಡ ಹೊಳಬಸಪ್ಪ ದೋಣಿಯನ್ನು ಬೋರಲು ಹಾಕಿ ಅದರ ಬೆನ್ನ ಮೇಲೆ ಕೂತಿದ್ದ. ರಬಕವಿಯಲ್ಲಿ ಹೊಳೆ ದಾಟುವ ಆ ಕಡವಿನಲ್ಲಿ ಹಾಯಿ ಕಟ್ಟುವ ದೋಣಿ ಎರಡೇ. ಒಂದು ಇವನದು, ಇನ್ನೊಂದು ಗುರಪ್ಪನದು. ಈಚೆ ದಂಡೆ ಸಂಸ್ಥಾನದ್ದು, ಆಚೆ ಬ್ರಿಟಿಷರ ಸೀಮೆ, ಇಂಗ್ರಜಿ ಮುಲಕು. ಆ ಮುಲಕಿನಲ್ಲಿ ಅವರ ಒಬ್ಬಳೇ ಮಗಳು ಸತ್ಯವ್ವ ತುಂಬಿದ ಬಸುರಿ. ಮಳೆಗಾಲದ ಕೆಂಪು ನೀರು ಬರುವುದರೊಳಗೆ ಅವಳನ್ನು ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಬೇಕು.

ಬೇಸಿಗೆಗೆ ದೋಣಿಯ ಹಲಗೆಗಳು ಒಣಗಿ ಸಂದು ಬಿಡುತ್ತವೆ. ಹಳೆಯ ನೂಲು ಕೆದರಿ ತೆಗೆದು, ಹೊಸದನ್ನು ಮೊಂಡ ಉಳಿಯಿಟ್ಟು ಕೊಡತಿಯಿಂದ ಬಡಿದು ತುಂಬಿ, ಮೇಲೆ ಕಾಸಿದ ರಾಳ, ಎಣ್ಣೆ ಬಳಿಯಬೇಕು. ನೂಲಿಗೇನು ಬರ? ನೇಕಾರ ಮಲಕಾಜಪ್ಪನ ಮಗ್ಗದ ತುಂಡುನೂಲು ಬುಟ್ಟಿಗಟ್ಟಲೆ ಸಿಗುತ್ತಿತ್ತು. ಆದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಗಂಜಿ ಉಳಿದರೆ ಎಣ್ಣೆ ಒಳಗಿಳಿಯದು, ನೀರು ತಾಗಿದರೆ ಲೋಳೆಯಾಗಿ ಜಾರುತ್ತದೆ. ಅದಕ್ಕೇ ಮೂರು ಸಲ ಬಿಸಿನೀರಿನಲ್ಲಿ ತೊಳೆದು, ಗಂಜಿಯ ರುಚಿ ಉಳಿದಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವುದು. ಅದು ಶಂಕ್ರೆವ್ವನ ಕೆಲಸ. ಹದಿನೆಂಟು ವರ್ಷ ತಪ್ಪದೆ ಮಾಡಿದ್ದಳು.

ಅಂದು ಮಳೆಗೆ ಮುಂಚೆ ಮುಗಿಯಲೆಂದು ಒಂದೇ ಸಲ ತೊಳೆದಿದ್ದಳು. ಪಡುವಲಲ್ಲಿ ಮೋಡ ಕಪ್ಪಾಗಿತ್ತು.

"ನಾಲಗಿಗೆ ಹಚ್ಚಿ ನೋಡೀಯೇನ?" ಹೊಳಬಸಪ್ಪ ಕೇಳಿದ.

"ಹೂಂರಿ, ನೋಡೇನಿ."

"ನಿನ್ನ ನಾಲಗಿ ಹ್ಯಾಂಗ ನಂಬೂದು? ಮದವಿ ಆದಾಗಿಂದ ಒಂದ ದಿನಾನೂ ಸುಮ್ಮನ ಕುಂತಿಲ್ಲ ಅದು."

"ಹಂಗಾರ ನೀವ ನೆಕ್ಕೋತ ಕೂಡ್ರಿ. ಮಗಳು ಅತ್ತಿ ಮನ್ಯಾಗ ಹಡೀಲಿ."

ಅವನು ನಕ್ಕ. ನೂಲು ತೆಗೆದುಕೊಂಡು ಬಡಿಯತೊಡಗಿದ.

ಮರುದಿನ ಬೆಳಗಾಗುವುದರೊಳಗೆ ಹೊಳೆ ಕೆಂಪಾಗಿತ್ತು. "ಇನ್ನೂ ಸೆಳವು ಇಲ್ಲ, ಹೋಗಿ ಬರ್ತೇನಿ" ಎಂದು ಹೊಳಬಸಪ್ಪ ಹಾಯಿ ಏರಿಸಿದ. ಶಂಕ್ರೆವ್ವ ದಂಡೆಯಲ್ಲೇ ನಿಂತಿದ್ದಳು. ನಡುಹೊಳೆಯಲ್ಲಿ ಹಾಯಿ ಗಿಡ್ಡವಾಗುತ್ತ ಬಂತು. ಗುರಪ್ಪ ತನ್ನ ದೋಣಿ ಬಿಚ್ಚಿಕೊಂಡು ಹೋಗುವುದರೊಳಗೆ ಹಾಯಿಯೂ ಇಲ್ಲ. ಹೊಳಬಸಪ್ಪ ಈಜು ಬಲ್ಲವನೇ. ಹಾಯಿಯ ಹಗ್ಗ ಕಾಲಿಗೆ ಸುತ್ತಿತ್ತೆಂದು ಮೂರನೆಯ ದಿನ, ಹೆಣ ಸಿಕ್ಕಾಗ ತಿಳಿಯಿತು. ಆಚೆ ದಂಡೆಯಲ್ಲಿ ಸತ್ಯವ್ವ ಗಂಟು ಕಟ್ಟಿಕೊಂಡು ಅಪ್ಪನ ದಾರಿ ನೋಡುತ್ತ ನಿಂತಿದ್ದಳಂತೆ.

ದೋಣಿಯೂ ಸಿಕ್ಕಿತು. ಶಂಕ್ರೆವ್ವ ಸಂದಿಗೆ ಉಗುರು ಹಾಕಿದಳು. ಲೋಳೆ. ನಾಲಿಗೆಗೆ ಹಚ್ಚಿದಳು. ಜೋಳದ ಗಂಜಿ.

"ಗುರಪ್ಪಾ, ನಾನ ಕೊಂದೆ ಅವರನ್ನ."

"ಹುಚ್ಚಿ ಹಂಗ ಮಾತಾಡಬ್ಯಾಡ ಅಕ್ಕಾ. ಹೊಸಾ ನೀರ ಬಂದಿತ್ತು."

"ಹೊಸಾ ನೀರ ಹ್ವಾದ ವರ್ಷಾನೂ ಬಂದಿತ್ತು."

ಗುರಪ್ಪ ಆ ದೋಣಿಯನ್ನು ದಂಡೆಗೆಳೆದು ಬೋರಲು ಹಾಕಿದ.

ಸತ್ಯವ್ವ ಅತ್ತೆ ಮನೆಯಲ್ಲೇ ಹೆಣ್ಣು ಹಡೆದಳು. ನೀರು ಇಳಿದ ಮೇಲೆ ಕೂಸನ್ನು ತಂದು ಅವ್ವನ ಉಡಿಯಲ್ಲಿ ಹಾಕಿದಳು. ಶಂಕ್ರೆವ್ವನಿಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟಳು.

"ನೋಡೇನಿ ಅಂತ ಸುಳ್ಳ ಹೇಳ್ದೀ ಏನಬೇ?"

"ಹೇಳ್ದೆ."

ಸತ್ಯವ್ವ ಕೂಸನ್ನು ಎತ್ತಿಕೊಂಡಳು. ಗುರಪ್ಪನ ದೋಣಿ ಹತ್ತಿ ಕೂತಳು. ಆ ಮೇಲೆ ತವರಿಗೆ ಬಂದಿಲ್ಲ. ಕೂಸಿಗೆ ಏನು ಹೆಸರಿಟ್ಟರೋ, ಶಂಕ್ರೆವ್ವನಿಗೆ ಗೊತ್ತಿಲ್ಲ.

ಈಗ ಕಡವಿನಲ್ಲಿ ಗುರಪ್ಪನ ದೋಣಿ ಒಂದೇ. ಮಗಳು ಎಂದಾದರೂ ಬಂದರೆ ಅದರಲ್ಲೇ ಬರಬೇಕು. ದಿನಾ ಬೆಳಗ್ಗೆ ಮೊದಲ ಮಂದಿ ಹತ್ತುವ ಮುಂಚೆ ಶಂಕ್ರೆವ್ವ ಅದರೊಳಗೆ ಇಳಿಯುತ್ತಾಳೆ. ಇರುಳೆಲ್ಲ ಜಿನುಗಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಚೆಲ್ಲುತ್ತಾಳೆ. ಮಂಡಿಯೂರಿ ಒಂದೊಂದೇ ಸಂದನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳನ್ನು ನಾಲಿಗೆಗೆ ಹಚ್ಚುತ್ತಾಳೆ. ದಂಡೆಯಲ್ಲಿ ಮಂದಿ ಗೊಣಗುತ್ತಾರೆ.

"ಆತೇನ ಅಕ್ಕಾ?" ಗುರಪ್ಪ ಕೇಳುತ್ತಾನೆ.

ಕೊನೆಯ ಸಂದಿಗೆ ಬಂದಾಗ ಶಂಕ್ರೆವ್ವನಿಗೆ ಮೊದಲನೆಯದನ್ನು ನೋಡಿದೆನೋ ಇಲ್ಲವೋ ಎಂದು ನೆನಪಾಗುವುದಿಲ್ಲ. ಮತ್ತೆ ಮೊದಲಿನಿಂದ ಒತ್ತುತ್ತ ಬರುತ್ತಾಳೆ.