ಎರಡು ಹಸ್ತಪ್ರತಿಗಳ ಜಿ

ಮಾರ್ಗದರ್ಶಕರ ಇಮೇಲಿನಲ್ಲಿ ಎರಡೇ ಸಾಲುಗಳಿದ್ದವು. ಎರಡೂ ಹಸ್ತಪ್ರತಿಗಳ ಇಂಗ್ಲಿಷ್ ಜಿ (g) ಅಕ್ಷರ ಒಂದೇ ರೀತಿ ಕಾಣುತ್ತದೆ ಎನ್ನುವುದು ಸರಿ, ಆದರೆ ಲಿಪಿಕಾರ ಅದನ್ನು ಯಾವ ಗೆರೆಯಿಂದ ಆರಂಭಿಸಿ ಯಾವ ಗೆರೆಯಲ್ಲಿ ಮುಗಿಸಿದ್ದಾನೆಂದು ಚಿತ್ರ ಬರೆದು ತೋರಿಸು. ಸೋಮವಾರದೊಳಗೆ ಕಳಿಸು.

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ನಾನು ದುಬೈಯಲ್ಲಿದ್ದುಕೊಂಡೇ ಸಂಶೋಧನೆ ಮಾಡುತ್ತಿದ್ದೆ. ಹಗಲು ಕಚೇರಿ, ಉಳಿದ ಹೊತ್ತು ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಊಟದ ಮೇಜು. ಮುದ್ರಣ ಬರುವ ಮೊದಲು ಇಂಗ್ಲೆಂಡಿನಲ್ಲಿ ಪುಸ್ತಕಗಳನ್ನು ಕೈಯಿಂದ ನಕಲು ಮಾಡುತ್ತಿದ್ದವರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಬೇರೆ ಬೇರೆ ಗ್ರಂಥಾಲಯಗಳಲ್ಲಿರುವ ಎರಡು ಹಸ್ತಪ್ರತಿಗಳು ಅಂಥ ಒಬ್ಬನದೇ ಕೈಬರಹ ಎಂದು ಅಕ್ಷರಗಳ ಆಕಾರದಿಂದ ಸಾಬೀತು ಮಾಡುವುದು ನನ್ನ ಅಧ್ಯಾಯದ ಉದ್ದೇಶ. ವಿಶ್ವವಿದ್ಯಾಲಯದ ಸಮಿತಿ ಆ ಅಧ್ಯಾಯವನ್ನು ಒಪ್ಪಿದರೆ ಮಾತ್ರ ಪಿಎಚ್.ಡಿ. ಮುಂದುವರಿಸಬಹುದಿತ್ತು. ಎರಡು ವರ್ಷ ನಾನು ಆ ಪುಟಗಳ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದ್ದೆ. ಒಂದೊಂದು ಜಿಯನ್ನೂ ಕತ್ತರಿಸಿ ಸಾಲಾಗಿ ಜೋಡಿಸಿದ್ದೆ. ಮೇಲೊಂದು ಸಣ್ಣ ಹೊಟ್ಟೆ, ಕೆಳಗೊಂದು ದೊಡ್ಡ ಹೊಟ್ಟೆ, ಸ್ವಲ್ಪ ಎಡಕ್ಕೆ ವಾಲಿದ 8ರ ಅಂಕಿಯ ಹಾಗೆ. ಅಮ್ಮ ತಟ್ಟೆ ಇಡಲು ಲ್ಯಾಪ್‌ಟಾಪ್ ಸರಿಸುತ್ತ, ಒಂದು ಅಕ್ಷರ ಕಲಿಯಲಿಕ್ಕೆ ಎಷ್ಟು ವರ್ಷ ಬೇಕು ಎಂದು ಕೇಳುತ್ತಿದ್ದರು.

ಶುಕ್ರವಾರ ಸಂಜೆ ಕೂತು ಚಿತ್ರ ಬರೆದೆ. ಮೇಲೆ ಬಲಗಡೆ ಆರಂಭ, ಎಡಕ್ಕೆ ತಿರುಗಿ ನಡುವನ್ನು ದಾಟಿ ಕೆಳಗೆ ಸುತ್ತು, ಮತ್ತೆ ಮೇಲಕ್ಕೆ. ಲೇಖನಿ ಎಲ್ಲಿಯೂ ಎತ್ತಿಲ್ಲ. ಬಾಣದ ಗುರುತುಗಳನ್ನೂ ಹಾಕಿದೆ.

ಶನಿವಾರ ಅಪ್ಪ ಕಾರಿನ ಏಸಿ ರಿಪೇರಿಗೆ ರಾಸ್ ಅಲ್ ಖೋರ್‌ಗೆ ಹೊರಟಾಗ, ವಾರದಿಂದ ಮನೆಯಲ್ಲಿ ಮುಖ ಗಂಟು ಹಾಕಿಕೊಂಡಿದ್ದ ನನ್ನನ್ನೂ ಅಮ್ಮ ಜೊತೆಗೆ ಕಳಿಸಿದರು. ಗ್ಯಾರೇಜಿನ ಪಕ್ಕದಲ್ಲೇ ಅಪ್ಪನ ಹಳೆಯ ರೂಮ್‌ಮೇಟ್ ಒಬ್ಬರ ಬೋರ್ಡ್ ಮಾಡುವ ವರ್ಕ್‌ಶಾಪ್. ಮಂಗಳೂರು ಕಡೆಯ ಬ್ಯಾರಿ, ನಾನು ಕಾಕ ಎನ್ನುತ್ತೇನೆ. ಈಗ ಅಲ್ಲಿ ಸ್ಟಿಕರ್ ಕತ್ತರಿಸುವ ಯಂತ್ರಗಳಿವೆ, ಆದರೆ ಅವರು ಈ ಊರಿಗೆ ಬಂದದ್ದು ಕೈಯಲ್ಲಿ ಬೋರ್ಡ್ ಬರೆಯುವ ಪೇಂಟರ್ ಆಗಿ. ಏಸಿ ಸರಿಯಾಗುವ ತನಕ ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಸುಲೈಮಾನಿ ಚಹಾ ಕೊಟ್ಟು ನನ್ನ ಪಕ್ಕ ಕೂತವರು ಪರದೆಯ ಮೇಲಿನ ಚಿತ್ರವನ್ನು ಸುಮಾರು ಹೊತ್ತು ನೋಡಿದರು. ವಿವರಿಸಲು ನನಗೆ ಮನಸ್ಸಿರಲಿಲ್ಲ, ಆದರೂ ನಾಲ್ಕು ಮಾತಿನಲ್ಲಿ ಹೇಳಿದೆ.

"ಬಾಣ ನೀನು ಹಾಕಿದ್ದಾ?"

"ಹೌದು ಕಾಕ."

"ಹಾಗಾದ್ರೆ ಒಮ್ಮೆ ಬರೆದು ತೋರ್ಸು ನೋಡುವ."

ಒಂದು ರಟ್ಟಿನ ತುಂಡು, ಚಪ್ಪಟೆ ಬ್ರಷ್, ಕಪ್ಪು ಪೇಂಟ್ ತಂದಿಟ್ಟರು. ನಡುವನ್ನು ದಾಟುವ ತನಕ ಸರಿಯಾಗಿತ್ತು. ಕೆಳಗಿನಿಂದ ಮೇಲಕ್ಕೆ ತಿರುಗಿಸಿದ ಕೂಡಲೇ ಬ್ರಷ್ಷಿನ ಕೂದಲು ಕೆದರಿ, ಗೆರೆ ಒಡೆದು, ಪೇಂಟ್ ನನ್ನ ತೋಳಿಗೆ ಸಿಡಿಯಿತು. ಎರಡನೆಯ ಸಲವೂ ಅದೇ ಜಾಗದಲ್ಲಿ ಹಾಗೇ ಆಯಿತು.

"ನೀನು ಬಾಲ್‌ಪೆನ್ನಲ್ಲಿ ಕನ್ನಡ ಬರೆದವಳು ಮಗಳೇ. ಎಲ್ಲ ಒಂದೇ ಎಳೆತಕ್ಕೆ ಸುತ್ತಿಸ್ತೀ. ಅಗಲ ಬಾಯಿದ್ದ ಬ್ರಷ್ಷನ್ನು ಎಳೀಲಿಕ್ಕೆ ಆಗ್ತದೆ, ದೂಡ್ಲಿಕ್ಕೆ ಆಗುದಿಲ್ಲ."

ಅವರು ಅದೇ ಆಕಾರವನ್ನು ಮೂರು ತುಂಡುಗಳಲ್ಲಿ ಬರೆದರು, ಮೂರೂ ಮೇಲಿನಿಂದ ಕೆಳಕ್ಕೆ. ಗೆರೆಗಳು ಕೂಡುವಲ್ಲಿ ಪೇಂಟ್ ಸ್ವಲ್ಪ ದಪ್ಪವಾಗಿ ನಿಂತಿತು.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಅಗಲವಾಗಿ ಕೊರೆದ ಗರಿಯ ಲೇಖನಿಯೂ ಹೀಗೆಯೇ ಎಂದು ನಾನು ಮೊದಲ ವರ್ಷವೇ ಓದಿ ಅಡಿಗೆರೆ ಹಾಕಿಟ್ಟಿದ್ದೆ. ಆದರೆ ಬಾಣ ಹಾಕುವಾಗ ನನ್ನ ಕೈ ಒಂದನೇ ತರಗತಿಯ ಕಾಪಿ ಪುಸ್ತಕದಲ್ಲಿ ಕಲಿತದ್ದನ್ನೇ ಮಾಡಿತ್ತು.

"ಆದ್ರೂ ಎರಡೂ ಹಸ್ತಪ್ರತಿಗಳಲ್ಲಿ ಆಕಾರ ಒಂದೇ ಅಲ್ವಾ ಕಾಕ?" ಎಂದೆ.

"ಆಕಾರ ಉಸ್ತಾದ್ ಕಲಿಸಿದ್ದು. ನನ್ನತ್ರ ಕಲಿತವರೆಲ್ಲ ಒಂದೇ ಹಾಗೆ ಬರೀತಿದ್ರು. ಯಾರ ಕೈ ಅಂತ ನಾನು ಗೆರೆ ಕೂಡುವ ಜಾಯಿಂಟಲ್ಲಿ ಹಿಡೀತಿದ್ದೆ."

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತು, ಯಲ್ಲಾ, ಹೊರಡೋಣ, ಏಸಿ ಸರಿಯಾಯಿತು ಎಂದರು. ಮನೆ ತಲುಪುವ ತನಕ ಕಾಕನ ಮಾತು ತಪ್ಪಾಗಿರಲಿ ಎಂದು ಬಯಸುತ್ತಿದ್ದೆ. ಬೋರ್ಡಿನ ಪೇಂಟಿಗೂ ಚರ್ಮದ ಹಾಳೆಯ ಮೇಲಿನ ಶಾಯಿಗೂ ಏನು ಸಂಬಂಧ ಎಂದು ವಾದ ಹೂಡಿ ನೋಡಿದೆ.

ಭಾನುವಾರ ಬೆಳಿಗ್ಗೆಯಿಂದ ಎಲ್ಲ ಜಿಗಳನ್ನೂ ಮತ್ತೆ ತೆರೆದೆ. ಮೊದಲ ಹಸ್ತಪ್ರತಿಯಲ್ಲಿ ಜಿಯ ನಡುವಿನ ಎಡಬದಿಗೆ ಶಾಯಿಯ ಒಂದು ಸಣ್ಣ ಚುಕ್ಕೆ ಇತ್ತು. ಅದು ಹಾಳೆಯ ದೋಷ ಎಂದು ನನ್ನ ಟಿಪ್ಪಣಿಯಲ್ಲೇ ಬರೆದುಕೊಂಡಿದ್ದೆ. ಪುಟ ಪುಟದಲ್ಲೂ ಅದೇ ಜಾಗದಲ್ಲಿ ಹಾಳೆಗೆ ದೋಷವಿರುವುದು ಹೇಗೆ ಸಾಧ್ಯ ಎಂದು ಎರಡು ವರ್ಷ ನನಗೆ ಹೊಳೆದಿರಲಿಲ್ಲ. ಎರಡನೆಯದರಲ್ಲಿ ಆ ಚುಕ್ಕೆ ಎಡಕ್ಕಿರಲಿಲ್ಲ. ಕೆಳಹೊಟ್ಟೆಯ ಬಲಬದಿಯಲ್ಲಿತ್ತು, ಒಮ್ಮೆಯೂ ತಪ್ಪದೆ. ಒಬ್ಬ ಗೆರೆಗಳನ್ನು ಎಡದಲ್ಲಿ ಜೋಡಿಸಿದ್ದ, ಇನ್ನೊಬ್ಬ ಬಲದಲ್ಲಿ. ಆಕಾರ ಮಾತ್ರ ಒಂದೇ.

ಒಬ್ಬನೇ ದಿನ ಕಳೆದಂತೆ ಅಭ್ಯಾಸ ಬದಲಿಸಿರಬಹುದಲ್ಲ ಎಂಬ ವಾಕ್ಯವನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅದಕ್ಕೆ ಆಧಾರವಾಗಿ ಚುಕ್ಕೆ ಜಾಗ ಬದಲಿಸಿದ ಒಂದೇ ಒಂದು ಜಿ ಸಿಗುವುದೋ ಎಂದು ಸಂಜೆಯವರೆಗೆ ಹುಡುಕಿದೆ. ಸಿಗಲಿಲ್ಲ. ಸೋಮವಾರ ಕಚೇರಿಗೆ ಹೋಗುವ ಮೊದಲು ಹೊಸ ಚಿತ್ರಗಳನ್ನು ಕಳಿಸಿ, ಇವು ಇಬ್ಬರ ಕೈಬರಹ, ನನ್ನ ವಾದ ನಿಲ್ಲುವುದಿಲ್ಲ ಎಂದು ಬರೆದೆ.

ಸಮಿತಿ ಅಧ್ಯಾಯವನ್ನು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ; ಆರು ತಿಂಗಳಲ್ಲಿ ಹೊಸದಾಗಿ ಬರೆಯಲು ಹೇಳಿತು. ಚಿತ್ರಗಳು ಚೆನ್ನಾಗಿವೆ ಎಂದು ಮಾರ್ಗದರ್ಶಕರು ಸೇರಿಸಿದ್ದರು. ಆ ಸಾಲನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನನ್ನ ಬಳಿ ಈಗ ಇಬ್ಬರು ಲಿಪಿಕಾರರಿದ್ದಾರೆ, ಇಬ್ಬರೂ ಯಾರೆಂದು ಗೊತ್ತಿಲ್ಲ.